ಸರ್ವ್ ಬಲವಿಲ್ಲದ ಚಾಂಪಿಯನ್: ಸಾರಾ ಎರ್ರಾನಿ

ಟೆನಿಸ್ ಆಟದಲ್ಲಿ ಆಟಗಾರ್ತಿ ಪೂರ್ತಿ ತನ್ನ ಇಚ್ಛೆಯಂತೆ ಹೊಡೆಯಬಹುದಾದ ಹೊಡೆತ ಒಂದೇ ಒಂದು. ಅದು ಸರ್ವ್. ಚೆಂಡು ತನ್ನ ಕೈಯಲ್ಲಿದೆ, ಅವಸರವಿಲ್ಲ, ಎದುರಾಳಿ ದೂರದಲ್ಲಿ ಕಾಯುತ್ತಾ ನಿಂತಿರುತ್ತಾಳೆ. ಉಳಿದ ಎಲ್ಲ ಹೊಡೆತಗಳೂ ಎದುರಾಳಿ ಕಳುಹಿಸಿದ ಚೆಂಡಿಗೆ ಕೊಡುವ ಉತ್ತರಗಳು. ಆದ್ದರಿಂದಲೇ ಇಂದಿನ ಟೆನಿಸ್‌ನಲ್ಲಿ ಸರ್ವ್‌ಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಎತ್ತರದ, ಬಲಿಷ್ಠ ಆಟಗಾರ್ತಿಯರು ಗಂಟೆಗೆ 180 ಕಿ.ಮೀ.ಗೂ ಮೀರಿದ ವೇಗದಲ್ಲಿ ಸರ್ವ್ ಮಾಡುತ್ತಾರೆ.

ಹೀಗಿರುವಾಗ, ಸರ್ವ್ ಮಾಡುವುದೇ ತನ್ನ ಅತಿದೊಡ್ಡ ದೌರ್ಬಲ್ಯವಾಗಿದ್ದ ಒಬ್ಬ ಆಟಗಾರ್ತಿ ಜಗತ್ತಿನ 5ನೇ ಸ್ಥಾನಕ್ಕೆ ಏರಲು ಸಾಧ್ಯವೇ? ಡಬಲ್ಸ್‌ನಲ್ಲಿ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಗೆಲ್ಲಲು ಸಾಧ್ಯವೇ? 37ನೇ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ ಪಡೆಯಲು ಸಾಧ್ಯವೇ? ಇಟಲಿಯ ಸಾರಾ ಎರ್ರಾನಿ ಇವನ್ನೆಲ್ಲ ಮಾಡಿ ತೋರಿಸಿದ್ದಾರೆ. ಅವರ ಸರ್ವ್ ಮಾತ್ರ ಕೊನೆಯವರೆಗೂ ಬಲಗೊಳ್ಳಲಿಲ್ಲ. ಅವರ ಕ್ರೀಡಾ ಬದುಕನ್ನು ನಾವು ತಿಳಿಯಬೇಕಾದದ್ದು ಈ ಕಾರಣಕ್ಕಾಗಿ.

ಬೊಲೋನ್ಯಾದಿಂದ ಸ್ಪೇನ್‌ಗೆ

ಸಾರಾ ಹುಟ್ಟಿದ್ದು 1987ರ ಏಪ್ರಿಲ್ 29ರಂದು, ಇಟಲಿಯ ಬೊಲೋನ್ಯಾ ನಗರದಲ್ಲಿ. ಬೆಳೆದದ್ದು ಮಾಸ್ಸಾ ಲೊಂಬಾರ್ದಾ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಹಣ್ಣು ತರಕಾರಿ ವ್ಯಾಪಾರಿ, ತಾಯಿ ಔಷಧ ಅಂಗಡಿಯ ಫಾರ್ಮಸಿಸ್ಟ್. 12ನೇ ವಯಸ್ಸಿನಲ್ಲಿ ಮನೆ ಬಿಟ್ಟು ಅಮೆರಿಕದ ಫ್ಲೋರಿಡಾದಲ್ಲಿರುವ ನಿಕ್ ಬೊಲೆಟಿಯೆರಿ ಅಕಾಡೆಮಿಗೆ ಹೋದರು. ಆಮೇಲೆ ಸ್ಪೇನ್ ಸೇರಿದರು. ಅಲ್ಲಿ ಕೋಚ್ ಪಾಬ್ಲೊ ಲೊಜಾನೊ ಅವರ ಬಳಿ ವರ್ಷಗಟ್ಟಲೆ ತರಬೇತಿ ಪಡೆದರು.

ಅವರ ಎತ್ತರ 1.64 ಮೀಟರ್, ಅಂದರೆ ಸುಮಾರು ಐದು ಅಡಿ ನಾಲ್ಕೂವರೆ ಅಂಗುಲ. ನಮ್ಮ ತರಗತಿಗಳಲ್ಲಿ ಇದು ಸಾಮಾನ್ಯ ಎತ್ತರ. ಆದರೆ ವೃತ್ತಿಪರ ಟೆನಿಸ್‌ನಲ್ಲಿ ಇದು ಕಡಿಮೆಯೇ. ಸರ್ವ್ ಮಾಡುವಾಗ ಚೆಂಡನ್ನು ಎಷ್ಟು ಎತ್ತರದಿಂದ ಹೊಡೆಯುತ್ತೇವೋ ಅಷ್ಟು ಸುಲಭವಾಗಿ ಅದು ಬಲೆಯ ಮೇಲಿಂದ ಇಳಿದು ಎದುರಿನ ಚೌಕದೊಳಗೆ ಬೀಳುತ್ತದೆ. ಕುಳ್ಳಗಿನವರು ಅದೇ ವೇಗದಲ್ಲಿ ಹೊಡೆದರೆ ಚೆಂಡು ಬಲೆಗೆ ಬಡಿಯುತ್ತದೆ ಅಥವಾ ಗೆರೆ ದಾಟಿ ಹೊರಗೆ ಬೀಳುತ್ತದೆ. ಹಾಗಾಗಿ ಅವರು ವೇಗ ಕಡಿಮೆ ಮಾಡಿ, ಚೆಂಡಿಗೆ ತಿರುವು ಕೊಟ್ಟು ಕಳುಹಿಸಬೇಕಾಗುತ್ತದೆ. ಸಾರಾ ಅವರ ಸರ್ವ್ ಅನೇಕ ಸಲ ಗಂಟೆಗೆ 130 ಕಿ.ಮೀ. ಕೂಡ ಮುಟ್ಟುತ್ತಿರಲಿಲ್ಲ. ಎದುರಾಳಿಗಳಿಗೆ ಇದು ಹೊಡೆಯಲು ಬಡಿಸಿ ಕೊಟ್ಟ ಚೆಂಡಿನಂತೆ ಕಾಣುತ್ತಿತ್ತು.

ಬೇರೆ ದಾರಿ

ಹಾಗಾದರೆ ಅವರು ಗೆಲ್ಲುತ್ತಿದ್ದದ್ದು ಹೇಗೆ? ಟೆನಿಸ್‌ನಲ್ಲಿ ಅರ್ಧದಷ್ಟು ಗೇಮ್‌ಗಳಲ್ಲಿ ನಾವು ಸರ್ವ್ ಮಾಡುತ್ತೇವೆ, ಇನ್ನರ್ಧದಲ್ಲಿ ಎದುರಾಳಿಯ ಸರ್ವ್‌ಗೆ ಉತ್ತರ ಕೊಡುತ್ತೇವೆ. ಈ ಎರಡನೆಯ ಅರ್ಧದಲ್ಲಿ ಸಾರಾ ನಿಪುಣೆ. ಎದುರಾಳಿಯ ವೇಗದ ಸರ್ವ್ ಅನ್ನು ತಾಳ್ಮೆಯಿಂದ ಹಿಂದಿರುಗಿಸುವುದು, ಪ್ರತಿ ಚೆಂಡಿನ ಹಿಂದೆ ಓಡುವುದು, ಮುಂದೆ ನುಗ್ಗಿದವರ ತಲೆಯ ಮೇಲಿಂದ ಲಾಬ್ ಎತ್ತುವುದು, ಹಿಂದೆ ನಿಂತವರ ಮುಂದೆ ಬಲೆಯ ಹತ್ತಿರವೇ ಚೆಂಡು ಬೀಳಿಸುವುದು: ಇವು ಅವರ ಆಯುಧಗಳು. ಒಂದು ಅಂಕಕ್ಕಾಗಿ ಎದುರಾಳಿ ಹತ್ತು ಸಲ ಹೊಡೆಯಬೇಕು. ಹನ್ನೊಂದನೆಯದು ಅವಳಿಂದಲೇ ತಪ್ಪಬೇಕು. ಅವರ ಲೆಕ್ಕ ಇಷ್ಟೇ.

ಈ ಆಟಕ್ಕೆ ಹೇಳಿ ಮಾಡಿಸಿದ ಜಾಗ ಆವೆಮಣ್ಣಿನ ಅಂಕಣ. ಪ್ಯಾರಿಸ್‌ನ ಫ್ರೆಂಚ್ ಓಪನ್‌ನಲ್ಲಿ ಅಂಕಣದ ಮೇಲ್ಪದರಕ್ಕೆ ಹಾಸುವುದು ಇಟ್ಟಿಗೆ ಪುಡಿ. ಅದರ ಮೇಲೆ ಬಿದ್ದ ಚೆಂಡು ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತದೆ. ವೇಗದ ಸರ್ವ್‌ನ ಲಾಭ ಇಲ್ಲಿ ತಗ್ಗುತ್ತದೆ, ಓಡುವವರಿಗೆ ಒಂದು ಕ್ಷಣ ಹೆಚ್ಚು ಸಿಗುತ್ತದೆ.

2012ರ ಹೊತ್ತಿಗೆ ಸಾರಾ ಮೊದಲಿಗಿಂತ ಉದ್ದದ ರ‍್ಯಾಕೆಟ್ ಹಿಡಿದಿದ್ದರು. ಕೈಗೆ ಎಟುಕದ ಚೆಂಡು ಈಗ ಎಟುಕುತ್ತಿತ್ತು. ಆ ವರ್ಷ ಆವೆಮಣ್ಣಿನಲ್ಲೇ ಅಕಾಪುಲ್ಕೊ, ಬಾರ್ಸಿಲೋನಾ, ಬುಡಾಪೆಸ್ಟ್ ಮತ್ತು ಪಲೆರ್ಮೊ ಎಂಬ ನಾಲ್ಕು ಟೂರ್ನಿಗಳನ್ನು ಗೆದ್ದರು. ಫ್ರೆಂಚ್ ಓಪನ್‌ನಲ್ಲಿ 21ನೇ ಶ್ರೇಯಾಂಕದಲ್ಲಿದ್ದ ಅವರು ಅನಾ ಇವಾನೊವಿಚ್, ಸ್ವೆಟ್ಲಾನಾ ಕುಜ್ನೆಟ್ಸೋವಾ, ಏಂಜೆಲಿಕ್ ಕೆರ್ಬರ್, ಸಮಂತಾ ಸ್ಟೋಸರ್ ಅವರನ್ನು ಸಾಲಾಗಿ ಸೋಲಿಸಿ ಫೈನಲ್ ತಲುಪಿದರು. ಅಲ್ಲಿ ಎದುರಾದವರು 1.88 ಮೀಟರ್ ಎತ್ತರದ ಮರಿಯಾ ಶರಪೋವಾ. ಇಬ್ಬರ ನಡುವಿನ ಎತ್ತರದ ಅಂತರ 24 ಸೆಂಟಿಮೀಟರ್. ಶರಪೋವಾ 6-3, 6-2ರಿಂದ ಗೆದ್ದರು. ಅದಕ್ಕೆ ಒಂದು ದಿನ ಮೊದಲು ಸಾರಾ ಮತ್ತು ಅವರ ಜೊತೆಗಾತಿ ರೊಬೆರ್ಟಾ ವಿಂಚಿ ಮಹಿಳಾ ಡಬಲ್ಸ್ ಪ್ರಶಸ್ತಿ ಎತ್ತಿಹಿಡಿದಿದ್ದರು. ಅದೇ ಟೂರ್ನಿಯ ಮಿಶ್ರ ಡಬಲ್ಸ್ ಗೆದ್ದವರು ನಮ್ಮ ಸಾನಿಯಾ ಮಿರ್ಜಾ ಮತ್ತು ಮಹೇಶ್ ಭೂಪತಿ.

24ಕ್ಕೆ ಸೊನ್ನೆ

ಮೂರು ವಾರ ಕಳೆಯಿತು. 2012ರ ಜೂನ್ 30, ವಿಂಬಲ್ಡನ್ ಮೂರನೇ ಸುತ್ತು. ಸಾರಾ ಆಗ 10ನೇ ಶ್ರೇಯಾಂಕದ ಆಟಗಾರ್ತಿ. ಎದುರಾಳಿ ಕಜಕಿಸ್ತಾನದ ಯಾರೊಸ್ಲಾವಾ ಶ್ವೆಡೋವಾ. ಅವರು ವೈಲ್ಡ್ ಕಾರ್ಡ್ ಮೂಲಕ ಟೂರ್ನಿಗೆ ಬಂದಿದ್ದರು.

ಒಂದು ಸೆಟ್ ಗೆಲ್ಲಲು ಕನಿಷ್ಠ ಆರು ಗೇಮ್ ಬೇಕು. ಒಂದು ಗೇಮ್‌ಗೆ ಕನಿಷ್ಠ ನಾಲ್ಕು ಅಂಕ ಬೇಕು. ಆರು ನಾಲ್ಕಲಿ ಇಪ್ಪತ್ತನಾಲ್ಕು. ಎದುರಾಳಿಗೆ ಒಂದೂ ಅಂಕ ಬಿಡದೆ ಈ 24 ಅಂಕಗಳನ್ನೂ ಸತತವಾಗಿ ಗೆದ್ದರೆ ಅದಕ್ಕೆ ‘ಗೋಲ್ಡನ್ ಸೆಟ್’ ಎನ್ನುತ್ತಾರೆ. ವೃತ್ತಿಪರ ಟೆನಿಸ್‌ನಲ್ಲಿ ಇದು ಅತಿ ಅಪರೂಪ. ಅಂದು ಶ್ವೆಡೋವಾ ಅದನ್ನು ಸಾಧಿಸಿದರು. 15 ನಿಮಿಷಗಳಲ್ಲಿ ಸೆಟ್ ಮುಗಿಯಿತು. ಅಷ್ಟರಲ್ಲಿ ಸಾರಾ ಒಂದು ಅಂಕವನ್ನೂ ಗಳಿಸಲಿಲ್ಲ. ಎದುರಾಳಿಯ ತಪ್ಪಿನಿಂದಾದರೂ ಒಂದು ಸಿಗಬಹುದಿತ್ತು, ಅದೂ ಸಿಗಲಿಲ್ಲ. ಹುಲ್ಲಿನ ಅಂಕಣದಲ್ಲಿ ಚೆಂಡು ತಗ್ಗಿನಲ್ಲಿ ಜಾರಿ ವೇಗವಾಗಿ ಹೋಗುತ್ತದೆ. ಅಲ್ಲಿ ನಿಧಾನದ ಸರ್ವ್‌ಗೆ ರಕ್ಷಣೆ ಇಲ್ಲ.

ಎರಡನೇ ಸೆಟ್‌ನಲ್ಲಿ ಸಾರಾ ನಾಲ್ಕು ಗೇಮ್ ಗೆದ್ದರು. ಪಂದ್ಯ 6-0, 6-4ರಲ್ಲಿ ಸೋತರು. ಜಗತ್ತಿನ ಪತ್ರಿಕೆಗಳು ಶ್ವೆಡೋವಾ ಹೆಸರನ್ನು ದಾಖಲೆ ಎಂದು ಬರೆದವು. ಆ ದಾಖಲೆಯ ಇನ್ನೊಂದು ಬದಿಯಲ್ಲಿ ಸಾರಾ ಹೆಸರೂ ಶಾಶ್ವತವಾಗಿ ಉಳಿಯಿತು.

ಮುಂದೆ ಏನಾಯಿತು ನೋಡಿ. ಎರಡು ತಿಂಗಳ ನಂತರ ಯುಎಸ್ ಓಪನ್‌ನಲ್ಲಿ ಅದೇ ಸಾರಾ ಸಿಂಗಲ್ಸ್ ಸೆಮಿಫೈನಲ್ ತಲುಪಿದರು. ವಿಂಚಿ ಜೊತೆ ಡಬಲ್ಸ್ ಪ್ರಶಸ್ತಿ ಗೆದ್ದರು. ಅದರ ಬೆನ್ನಲ್ಲೇ ಡಬಲ್ಸ್ ವಿಶ್ವ ರ‍್ಯಾಂಕಿಂಗ್‌ನಲ್ಲಿ ಮೊದಲ ಸ್ಥಾನಕ್ಕೇರಿದರು. 2013ರ ಮೇ ತಿಂಗಳಲ್ಲಿ ಸಿಂಗಲ್ಸ್‌ನಲ್ಲಿ 5ನೇ ಸ್ಥಾನಕ್ಕೆ ಬಂದರು. ಇದು ಅವರ ಜೀವನದ ಅತ್ಯುತ್ತಮ ಸಿಂಗಲ್ಸ್ ರ‍್ಯಾಂಕಿಂಗ್.

ಡಬಲ್ಸ್‌ನ ಗಣಿತ

ಡಬಲ್ಸ್ ಸಾರಾ ಅವರಿಗೆ ಏಕೆ ಒಗ್ಗಿತು ಎಂಬುದನ್ನು ಸರಳ ಗಣಿತದಿಂದ ತಿಳಿಯಬಹುದು. ಸಿಂಗಲ್ಸ್‌ನಲ್ಲಿ ಪ್ರತಿ ಎರಡು ಗೇಮ್‌ಗೆ ಒಂದು ಸಲ ಸರ್ವ್ ಮಾಡಬೇಕು. ಡಬಲ್ಸ್‌ನಲ್ಲಿ ಅಂಕಣದೊಳಗೆ ನಾಲ್ವರು ಇರುವುದರಿಂದ ನಾಲ್ಕು ಗೇಮ್‌ಗೆ ಒಂದು ಸಲ ಸರದಿ ಬರುತ್ತದೆ. ದೌರ್ಬಲ್ಯ ಹೊರಬೀಳುವ ಸಂದರ್ಭ ಅರ್ಧಕ್ಕೆ ಇಳಿಯಿತು. ಅಂಕಣದ ಅಗಲ 8.23 ಮೀಟರ್‌ನಿಂದ 10.97 ಮೀಟರ್‌ಗೆ ಹೆಚ್ಚುತ್ತದೆ ನಿಜ, ಆದರೆ ಕಾಯಲು ಇಬ್ಬರಿದ್ದಾರೆ. ತಾನು ನಿಧಾನದ ಸರ್ವ್ ಮಾಡಿದಾಗ ಜೊತೆಗಾತಿ ಬಲೆಯ ಬಳಿ ನಿಂತು ಎದುರಾಳಿಯ ಹೊಡೆತಕ್ಕೆ ಅಡ್ಡ ಬರುತ್ತಾಳೆ. ಮತ್ತೊಂದು ಕಡೆ, ಎದುರಾಳಿಗಳಿಬ್ಬರ ನಡುವಿನ ಖಾಲಿ ಜಾಗ ಹುಡುಕುವುದು, ಲಾಬ್ ಎತ್ತುವುದು, ಮುಂದಿನ ಹೊಡೆತ ಎಲ್ಲಿಗೆ ಬರುತ್ತದೆ ಎಂದು ಮೊದಲೇ ಊಹಿಸುವುದು ಇಲ್ಲಿ ಬಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಇವೆಲ್ಲ ಸಾರಾ ಅವರಿಗೆ ಕರಗತ.

ಎರ್ರಾನಿ ಮತ್ತು ವಿಂಚಿ ಜೋಡಿ 2012ರಲ್ಲಿ ಫ್ರೆಂಚ್ ಮತ್ತು ಯುಎಸ್ ಓಪನ್, 2013 ಮತ್ತು 2014ರಲ್ಲಿ ಆಸ್ಟ್ರೇಲಿಯನ್ ಓಪನ್, 2014ರಲ್ಲಿ ವಿಂಬಲ್ಡನ್ ಗೆದ್ದಿತು. ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳು ಪೂರ್ಣವಾದವು. ಕೊನೆಯದು ಸಿಕ್ಕಿದ್ದು ವಿಂಬಲ್ಡನ್‌ನಲ್ಲಿ, ಎರಡು ವರ್ಷಗಳ ಹಿಂದೆ 24 ಅಂಕಗಳಲ್ಲಿ ಒಂದೂ ಸಿಗದ ಅದೇ ಟೂರ್ನಿಯಲ್ಲಿ.

ಅದು ಇಟಲಿಯ ಮಹಿಳಾ ಟೆನಿಸ್‌ಗೆ ಒಳ್ಳೆಯ ಕಾಲ. 2010ರಲ್ಲಿ ಫ್ರಾನ್ಸೆಸ್ಕಾ ಸ್ಕಿಯಾವೊನೆ ಫ್ರೆಂಚ್ ಓಪನ್ ಗೆದ್ದು ಇಟಲಿಯ ಮೊದಲ ಮಹಿಳಾ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಚಾಂಪಿಯನ್ ಆಗಿದ್ದರು. 2015ರ ಯುಎಸ್ ಓಪನ್ ಫೈನಲ್‌ನಲ್ಲಿ ಆಡಿದ ಇಬ್ಬರೂ ಇಟಲಿಯವರೇ. ಫ್ಲಾವಿಯಾ ಪೆನ್ನೆಟ್ಟಾ ಗೆದ್ದರು, ವಿಂಚಿ ಸೋತರು. ಮಹಿಳೆಯರ ತಂಡ ಸ್ಪರ್ಧೆಯಾದ ಫೆಡ್ ಕಪ್ ಅನ್ನು ಇಟಲಿ 2006, 2009, 2010 ಮತ್ತು 2013ರಲ್ಲಿ ಗೆದ್ದಿತು. ಕೊನೆಯ ಮೂರೂ ಸಲ ಸಾರಾ ತಂಡದಲ್ಲಿದ್ದರು.

ಕಳಂಕದ ವರ್ಷಗಳು

ಈ ಕಥೆಯಲ್ಲಿ ಮರೆಮಾಚಬಾರದ ಒಂದು ಭಾಗವಿದೆ. 2017ರ ಫೆಬ್ರವರಿಯಲ್ಲಿ ನಡೆದ ಪರೀಕ್ಷೆಯಲ್ಲಿ ಸಾರಾ ಅವರ ಮಾದರಿಯಲ್ಲಿ ಲೆಟ್ರೊಜೋಲ್ ಎಂಬ ನಿಷೇಧಿತ ಔಷಧದ ಅಂಶ ಪತ್ತೆಯಾಯಿತು. ಇದು ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ ಔಷಧ. ಅವರ ತಾಯಿ ಇದನ್ನು ತೆಗೆದುಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ಇಟ್ಟಿದ್ದ ಮಾತ್ರೆ ಅಡುಗೆಗೆ ಬೆರೆತಿರಬೇಕು ಎಂಬುದು ಸಾರಾ ಅವರ ವಿವರಣೆಯಾಗಿತ್ತು. ವಿಚಾರಣಾ ಮಂಡಳಿ ಅದು ಸಂಭವನೀಯ ಎಂದು ಒಪ್ಪಿತು. ಆದರೂ ಎರಡು ತಿಂಗಳ ನಿಷೇಧ ವಿಧಿಸಿತು.

ತಪ್ಪು ಉದ್ದೇಶ ಇಲ್ಲದಿದ್ದರೆ ಶಿಕ್ಷೆ ಏಕೆ ಎಂದು ಕೇಳಬಹುದು. ಉದ್ದೀಪನ ಮದ್ದು ತಡೆ ನಿಯಮದ ಪ್ರಕಾರ ಆಟಗಾರರ ದೇಹದೊಳಗೆ ಏನು ಸೇರುತ್ತದೆಯೋ ಅದಕ್ಕೆ ಆಟಗಾರರೇ ಹೊಣೆ. ಗೊತ್ತಿರಲಿಲ್ಲ ಎಂಬುದು ಶಿಕ್ಷೆಯನ್ನು ಕಡಿಮೆ ಮಾಡಬಹುದೇ ಹೊರತು ಹೊಣೆಯನ್ನು ಅಳಿಸುವುದಿಲ್ಲ. ‘ನನಗೆ ಗೊತ್ತಿರಲಿಲ್ಲ’ ಎಂದವರನ್ನೆಲ್ಲ ಬಿಟ್ಟುಬಿಟ್ಟರೆ ನಿಯಮಕ್ಕೆ ಅರ್ಥ ಉಳಿಯುವುದಿಲ್ಲ ಎಂಬುದು ಇದರ ಹಿಂದಿನ ತರ್ಕ. ಈ ನಿಯಮ ನಿರಪರಾಧಿಯ ಮೇಲೂ ಬೀಳಬಹುದು ಎಂಬುದು ಅದರ ಕಠಿಣ ಮುಖ.

ಇಟಲಿಯ ಉದ್ದೀಪನ ಮದ್ದು ತಡೆ ಸಂಸ್ಥೆಯೇ ಆ ಶಿಕ್ಷೆ ಸಾಲದು ಎಂದು ಮೇಲ್ಮನವಿ ಹಾಕಿತು. ಸ್ವಿಟ್ಜರ್‌ಲೆಂಡ್‌ನ ಲೋಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿ 2018ರಲ್ಲಿ ನಿಷೇಧವನ್ನು ಒಟ್ಟು 10 ತಿಂಗಳಿಗೆ ಏರಿಸಿತು. ಎರಡು ತಿಂಗಳ ಶಿಕ್ಷೆ ಮುಗಿಸಿ ಆಗಲೇ ಅಂಕಣಕ್ಕೆ ಮರಳಿದ್ದ ಸಾರಾ ಮತ್ತೆ ಹೊರಗೆ ಕೂರಬೇಕಾಯಿತು. 2019ರ ಫೆಬ್ರವರಿಯಲ್ಲಿ ಅವರು ಎರಡನೇ ಸಲ ಮರಳಿದಾಗ ವಯಸ್ಸು 32ರ ಹತ್ತಿರ. ರ‍್ಯಾಂಕಿಂಗ್ ಕುಸಿದಿತ್ತು. ದೊಡ್ಡ ಟೂರ್ನಿಗಳಿಗೆ ನೇರ ಪ್ರವೇಶವಿರಲಿಲ್ಲ.

ಆ ದಿನಗಳಲ್ಲಿ ಅವರ ಸರ್ವ್ ಇನ್ನೂ ಕೆಟ್ಟಿತು. ಚೆಂಡನ್ನು ಮೇಲಕ್ಕೆ ಎಸೆಯುವ ಕೈಯೇ ಹಿಡಿತ ತಪ್ಪುತ್ತಿತ್ತು. ಒಂದೇ ಪಂದ್ಯದಲ್ಲಿ ಹತ್ತಕ್ಕೂ ಮೀರಿ ಡಬಲ್ ಫಾಲ್ಟ್, ಅಂದರೆ ಎರಡು ಅವಕಾಶದಲ್ಲೂ ಸರ್ವ್ ತಪ್ಪಿ ಎದುರಾಳಿಗೆ ಅಂಕ ಬಿಟ್ಟುಕೊಟ್ಟದ್ದು ಇದೆ. ಆಗ ಅವರು ಅಂಡರ್ ಆರ್ಮ್ ಸರ್ವ್‌ಗೆ ಇಳಿದರು. ಚೆಂಡನ್ನು ಕೆಳಗಿನಿಂದ ಮೆಲ್ಲಗೆ ಎತ್ತಿ ಕಳುಹಿಸುವ ಈ ಸರ್ವ್ ನಿಯಮಬದ್ಧ. ಆದರೆ ವೃತ್ತಿಪರ ಟೆನಿಸ್‌ನಲ್ಲಿ ಅದನ್ನು ನೋಡಿ ನಗುವವರೇ ಹೆಚ್ಚು. 2020ರ ಫ್ರೆಂಚ್ ಓಪನ್‌ನಲ್ಲಿ ಹೀಗೆಯೇ ಸರ್ವ್ ಮಾಡುತ್ತಾ ಅವರು 5ನೇ ಶ್ರೇಯಾಂಕದ ಕಿಕಿ ಬರ್ಟೆನ್ಸ್ ಅವರನ್ನು ಮೂರು ಗಂಟೆಗೂ ಹೆಚ್ಚು ಕಾಲ ಕಾಡಿದರು. ಕೊನೆಯ ಸೆಟ್ ಅನ್ನು 9-7ರಲ್ಲಿ ಸೋತರು. ಗೆದ್ದ ಬರ್ಟೆನ್ಸ್ ಅಂಕಣದಿಂದ ಹೊರಗೆ ಹೋದದ್ದು ಗಾಲಿ ಕುರ್ಚಿಯಲ್ಲಿ.

ಪ್ಯಾರಿಸ್‌ನ ಚಿನ್ನ

ಆ ಹೊತ್ತಿಗೆ ಇಟಲಿಯಲ್ಲಿ ಇನ್ನೊಬ್ಬ ಆಟಗಾರ್ತಿ ಮೇಲೆ ಬರುತ್ತಿದ್ದರು. ಹೆಸರು ಜಾಸ್ಮಿನ್ ಪಾವೊಲಿನಿ, ಸಾರಾಗಿಂತ ಒಂಬತ್ತು ವರ್ಷ ಚಿಕ್ಕವರು. ಎತ್ತರ 1.63 ಮೀಟರ್, ಸಾರಾಗಿಂತ ಒಂದು ಸೆಂಟಿಮೀಟರ್ ಕಡಿಮೆ. 2024ರಲ್ಲಿ ಪಾವೊಲಿನಿ ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಎರಡರಲ್ಲೂ ಸಿಂಗಲ್ಸ್ ಫೈನಲ್ ತಲುಪಿ ಎಲ್ಲರನ್ನೂ ಅಚ್ಚರಿಗೊಳಿಸಿದರು. ಡಬಲ್ಸ್‌ನಲ್ಲಿ ಅವರ ಪಕ್ಕದಲ್ಲಿದ್ದವರು ಸಾರಾ. ಹಿರಿಯ ಆಟಗಾರ್ತಿಯ ಅನುಭವ, ಕಿರಿಯಳ ಬಿರುಸು ಒಂದಕ್ಕೊಂದು ಹೊಂದಿಕೊಂಡವು.

2024ರ ಆಗಸ್ಟ್ 4. ಪ್ಯಾರಿಸ್ ಒಲಿಂಪಿಕ್ಸ್ ಮಹಿಳಾ ಡಬಲ್ಸ್ ಫೈನಲ್. ಸಾರಾಗೆ ಇದು ಐದನೇ ಒಲಿಂಪಿಕ್ಸ್. ಬೀಜಿಂಗ್, ಲಂಡನ್, ರಿಯೊ, ಟೋಕಿಯೊ ಎಲ್ಲ ಕಡೆಯಿಂದಲೂ ಬರಿಗೈಯಲ್ಲಿ ಮರಳಿದ್ದರು. ಎದುರಾಳಿಗಳು ತಟಸ್ಥ ಕ್ರೀಡಾಪಟುಗಳಾಗಿ ಆಡುತ್ತಿದ್ದ ರಷ್ಯಾ ಮೂಲದ ಮಿರ್ರಾ ಆಂಡ್ರೀವಾ ಮತ್ತು ಡಯಾನಾ ಶ್ನೈಡರ್. ಆಂಡ್ರೀವಾ ಹುಟ್ಟಿದ್ದು 2007ರ ಏಪ್ರಿಲ್ 29ರಂದು. ಸಾರಾ ಹುಟ್ಟಿದ ದಿನವೇ, ಸರಿಯಾಗಿ 20 ವರ್ಷ ಕಳೆದು. ಒಬ್ಬರಿಗೆ 37, ಇನ್ನೊಬ್ಬರಿಗೆ 17. ಅಂದರೆ ಆಂಡ್ರೀವಾ ನಮ್ಮ ಪಿಯುಸಿ ವಿದ್ಯಾರ್ಥಿನಿಯರ ವಯಸ್ಸಿನವರು.

ಮೊದಲ ಸೆಟ್ 2-6ರಲ್ಲಿ ಕೈತಪ್ಪಿತು. ಎರಡನೆಯದನ್ನು ಇಟಲಿಯವರು 6-1ರಲ್ಲಿ ಗೆದ್ದರು. ಒಲಿಂಪಿಕ್ ಡಬಲ್ಸ್‌ನಲ್ಲಿ ಮೂರನೇ ಸೆಟ್ ಪೂರ್ತಿ ಆಡಿಸುವುದಿಲ್ಲ. ಅದರ ಬದಲು ಮೊದಲು 10 ಅಂಕ ಮುಟ್ಟುವವರು ಗೆಲ್ಲುತ್ತಾರೆ, ಆದರೆ ಎರಡು ಅಂಕಗಳ ಅಂತರ ಇರಬೇಕು. ಸಾರಾ ಮತ್ತು ಪಾವೊಲಿನಿ 10-7ರಿಂದ ಗೆದ್ದರು. ಒಲಿಂಪಿಕ್ ಟೆನಿಸ್‌ನಲ್ಲಿ ಇಟಲಿಗೆ ಇದೇ ಮೊದಲ ಚಿನ್ನ. ನಾಲ್ಕು ಗ್ರ್ಯಾಂಡ್‌ಸ್ಲಾಮ್ ಜೊತೆಗೆ ಒಲಿಂಪಿಕ್ ಚಿನ್ನವೂ ಸೇರಿದರೆ ಅದನ್ನು ‘ಕರಿಯರ್ ಗೋಲ್ಡನ್ ಸ್ಲಾಮ್’ ಎನ್ನುತ್ತಾರೆ. ಮಹಿಳಾ ಡಬಲ್ಸ್‌ನಲ್ಲಿ ಇದನ್ನು ಸಾಧಿಸಿದವರು ಕೆಲವೇ ಕೆಲವರು. ಒಮ್ಮೆ ಬೇರೊಬ್ಬರ ‘ಗೋಲ್ಡನ್ ಸೆಟ್’ಗೆ ಬಲಿಯಾಗಿದ್ದ ಸಾರಾ ಈಗ ಈ ಪಟ್ಟಿಯಲ್ಲಿದ್ದಾರೆ.

ಅದೇ ವರ್ಷ ನವೆಂಬರ್‌ನಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್ ನಡೆಯಿತು. ಇದು ಹಿಂದಿನ ಫೆಡ್ ಕಪ್‌ನ ಹೊಸ ಹೆಸರು. ಪೋಲೆಂಡ್ ವಿರುದ್ಧದ ಸೆಮಿಫೈನಲ್ 1-1ರಲ್ಲಿ ನಿಂತಾಗ ನಿರ್ಣಾಯಕ ಡಬಲ್ಸ್ ಆಡಿದ್ದು ಈ ಜೋಡಿಯೇ. ಎದುರಿಗಿದ್ದ ಜೋಡಿಯಲ್ಲಿ ಇಗಾ ಶ್ವಿಯಾಂಟೆಕ್ ಇದ್ದರೂ 7-5, 7-5ರಿಂದ ಗೆದ್ದರು. ಕಪ್ ಇಟಲಿಗೆ ಬಂತು. 2025ರಲ್ಲಿ ಮತ್ತೆ ಬಂತು.

ಕೊಡಗಿನ ಒಂದು ನೆನಪು

ಡಬಲ್ಸ್‌ನಲ್ಲಿ ವಯಸ್ಸು ಬೇರೆ ರೀತಿ ಲೆಕ್ಕವಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಆ ಫೈನಲ್‌ನಲ್ಲಿ ಅವರು ಸೋಲಿಸಿದ್ದು ಇಟಲಿಯ ಜೋಡಿಯನ್ನು. ಸೋತವರಲ್ಲಿ ಒಬ್ಬರು ಆಂಡ್ರಿಯಾ ವವಾಸ್ಸೋರಿ.

ಅದೇ ವವಾಸ್ಸೋರಿ ಸಾರಾ ಅವರ ಮಿಶ್ರ ಡಬಲ್ಸ್ ಜೊತೆಗಾರ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಯುಎಸ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2025ರ ಫ್ರೆಂಚ್ ಓಪನ್‌ನಲ್ಲಿ ಮಿಶ್ರ ಡಬಲ್ಸ್ ಮತ್ತೆ ಇವರದೇ ಆಯಿತು. ಅಲ್ಲೇ ಪಾವೊಲಿನಿ ಜೊತೆ ಮಹಿಳಾ ಡಬಲ್ಸ್ ಪ್ರಶಸ್ತಿಯನ್ನೂ ಸಾರಾ ಗೆದ್ದರು. ಸಿಂಗಲ್ಸ್‌ಗೆ ಅವರು ವಿದಾಯ ಹೇಳಿದ್ದೂ ಅದೇ ಟೂರ್ನಿಯ ಅರ್ಹತಾ ಸುತ್ತಿನಲ್ಲಿ ಸೋತ ಮೇಲೆ.

ಸ್ಟಾರ್‌ಗಳ ನಡುವೆ ಒಂದು ಜೋಡಿ

2025ರಲ್ಲಿ ಯುಎಸ್ ಓಪನ್ ಮಿಶ್ರ ಡಬಲ್ಸ್‌ನ ಸ್ವರೂಪವನ್ನು ಬದಲಾಯಿಸಿತು. ಕೇವಲ 16 ಜೋಡಿ, ಎರಡೇ ದಿನ, 10 ಲಕ್ಷ ಡಾಲರ್ ಬಹುಮಾನ. ಪ್ರವೇಶ ಸಿಕ್ಕಿದ್ದು ಹೆಚ್ಚಾಗಿ ಸಿಂಗಲ್ಸ್ ತಾರೆಯರಿಗೆ. ಡಬಲ್ಸ್ ಅನ್ನೇ ವೃತ್ತಿಯಾಗಿಸಿಕೊಂಡವರು ಹೊರಗುಳಿದರು. ಇದು ಅನ್ಯಾಯ ಎಂದು ಸಾರಾ ಮತ್ತು ವವಾಸ್ಸೋರಿ ಬಹಿರಂಗವಾಗಿಯೇ ಹೇಳಿದ್ದರು. ಹಿಂದಿನ ವರ್ಷದ ಚಾಂಪಿಯನ್‌ಗಳಾದ ಅವರಿಗೂ ಸ್ಥಾನ ಸಿಕ್ಕಿದ್ದು ವೈಲ್ಡ್ ಕಾರ್ಡ್ ಮೂಲಕ.

ಫೈನಲ್‌ನಲ್ಲಿ ಅವರು ಇಗಾ ಶ್ವಿಯಾಂಟೆಕ್ ಮತ್ತು ಕ್ಯಾಸ್ಪರ್ ರೂಡ್ ಅವರನ್ನು 6-3, 5-7, 10-6ರಿಂದ ಸೋಲಿಸಿ ಪ್ರಶಸ್ತಿ ಉಳಿಸಿಕೊಂಡರು. ಸಿಂಗಲ್ಸ್ ತಾರೆಯರು ತಮ್ಮ ಬಲದಿಂದ ಆಡಿದರು. ಈ ಇಬ್ಬರು ಡಬಲ್ಸ್ ಆಡಿದರು. ಡಬಲ್ಸ್ ಕೂಡ ಪ್ರತ್ಯೇಕವಾಗಿ ಕಲಿಯಬೇಕಾದ ವಿದ್ಯೆ ಎಂಬ ಅವರ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. ಆಗ ಸಾರಾಗೆ 38 ವರ್ಷ.

ನಮಗೇನು?

ವಿದ್ಯಾರ್ಥಿ ಮಿತ್ರರೇ, ಕಷ್ಟಪಟ್ಟರೆ ಎಲ್ಲ ದೌರ್ಬಲ್ಯವನ್ನೂ ಗೆಲ್ಲಬಹುದು ಎಂಬ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಸಾರಾ ಎರ್ರಾನಿಯ ಬದುಕು ಹೇಳುವುದು ಅದನ್ನಲ್ಲ. ಅವರಷ್ಟು ಅಭ್ಯಾಸ ಮಾಡಿದವರು ಕಡಿಮೆ, ಆದರೂ ಸರ್ವ್ ಸರಿಹೋಗಲಿಲ್ಲ. ಅವರು ಆ ಕೊರತೆಯನ್ನು ಒಪ್ಪಿಕೊಂಡರು. ಅದು ಕಡಿಮೆ ನೋವು ಕೊಡುವ ಜಾಗ ಎಲ್ಲಿದೆ ಎಂದು ಹುಡುಕಿದರು. ತಮ್ಮಲ್ಲಿ ಇದ್ದದ್ದನ್ನು, ಅಂದರೆ ಓಟ, ಊಹೆ ಮತ್ತು ತಾಳ್ಮೆಯನ್ನು ಬೇರೆ ಯಾರಿಗೂ ಸಾಟಿಯಿಲ್ಲದಷ್ಟು ಬೆಳೆಸಿದರು. ತಮ್ಮ ಕೊರತೆ ತುಂಬುವ ಜೊತೆಗಾರರನ್ನು ಆರಿಸಿಕೊಂಡರು, ತಾವೂ ಅವರ ಕೊರತೆ ತುಂಬಿದರು.

ಒಂದು ವಿಷಯದಲ್ಲಿ ಅಂಕ ಕಡಿಮೆ ಬಂತೆಂದು ಇಡೀ ಓದನ್ನೇ ಬಿಡುವ ಯೋಚನೆ ನಮ್ಮಲ್ಲಿ ಯಾರಿಗಾದರೂ ಬಂದರೆ ಆ 15 ನಿಮಿಷಗಳನ್ನು ನೆನೆಯಬಹುದು. 24 ಅಂಕಗಳಲ್ಲಿ ಒಂದೂ ಸಿಗದ ಸೆಟ್ ಮುಗಿದ ಮೇಲೆ ಸಾರಾ ಬೆವರು ಒರೆಸಿಕೊಂಡು ಎರಡನೇ ಸೆಟ್ ಆಡಲು ಎದ್ದು ನಿಂತರು. ಆ ಸೆಟ್ ಅನ್ನೂ ಸೋತರು. ಅದಾದ ಮೇಲೆ ಹದಿಮೂರು ವರ್ಷ ಆಡಿದರು, ಗೆದ್ದರು.